ಮಾವನವರ ಆತ್ಮಕಥೆಯನ್ನು ನಾನು ಅಳಿಸಿದ ವಾರ

ನಮ್ಮ ಮಾವನವರು ಮಗ್ಗದಿಂದ ಎದ್ದವರು ನೇರವಾಗಿ ಕಂಪ್ಯೂಟರಿನ ಮುಂದೆ ಹೋಗಿ ಕುಳಿತರು. ನಡುವೆ ಒಂದೇ ವಾರ ಖಾಲಿ ಇದ್ದರು. ಆ ವಾರದಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಜೀರಿಗೆ ಎಲ್ಲಿ, ಸಾಸಿವೆ ಎಲ್ಲಿ ಎಂದು ಯಾರಿಗೂ ತಿಳಿಯದಂತೆ ಮಾಡಿಟ್ಟರು. ಆದ್ದರಿಂದ ಅವರಿಗೆ ಕಂಪ್ಯೂಟರ್ ಕಲಿಸಿಬಿಡು ಎಂದು ಅತ್ತೆಯವರೇ ನನಗೆ ಹೇಳಿದರು.

ನಮ್ಮದು ಗಜೇಂದ್ರಗಡದ ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿ ಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯಬೇಕು. ಐವತ್ತು ವರ್ಷ ಆ ಕುಣಿಗೆ ಇಳಿದು ಹತ್ತಿ ಮಾವನವರ ಮೊಣಕಾಲು ಸವೆದಿದ್ದವು. ಇನ್ನು ಇಳಿಯಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಮಗ್ಗ ಅತ್ತೆಯವರ ಪಾಲಿಗೆ ಬಂತು. ಅವರು ಮೊದಲಿನಿಂದಲೂ ಮಾವನವರಿಗಿಂತ ಚೆನ್ನಾಗಿ ನೇಯುತ್ತಿದ್ದರು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ. ನಾನು ಪುರ್ತಗೇರಿಯ ಶಾಲೆಯಲ್ಲಿ ಶಿಕ್ಷಕಿ. ನನ್ನ ಶಾಲೆಯ ಕೆಲಸಕ್ಕೆಂದು ತಂದ ಹಳೆಯ ಕಂಪ್ಯೂಟರ್ ಮಗ್ಗದ ಎದುರಿನ ಮೂಲೆಯಲ್ಲಿತ್ತು. ಹೀಗಾಗಿ ದಂಪತಿಗಳಿಬ್ಬರೂ ದಿನವಿಡೀ ಎದುರುಬದುರು ಕುಳಿತು ಕೆಲಸ ಮಾಡುವಂತಾಯಿತು. ಅತ್ತೆಯವರ ಕಡೆಯಿಂದ ಟಕಟಕ ಎಂದು ನೂರು ಸದ್ದು ಬಂದರೆ ಮಾವನವರ ಕಡೆಯಿಂದ ಟಕ್ ಎಂದು ಒಂದು ಬರುತ್ತಿತ್ತು.

ಮಾವನವರು ತಮ್ಮ ಆತ್ಮಕಥೆ ಬರೆಯುತ್ತಿದ್ದರು. ಬಲಗೈಯ ತೋರುಬೆರಳೊಂದರಿಂದಲೇ ಬರೆಯುತ್ತಿದ್ದರು. ಒತ್ತಕ್ಷರ ಬಂತೆಂದರೆ ಎದ್ದುಹೋಗಿ ಒಂದು ತಂಬಿಗೆ ನೀರು ಕುಡಿದು ಬಂದು ಮತ್ತೆ ಕುಳಿತುಕೊಳ್ಳುತ್ತಿದ್ದರು. ಮುಗಿಯುವವರೆಗೂ ಯಾರೂ ಓದಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರಿಂದ ಮನೆಯಲ್ಲಿ ಎಲ್ಲರಿಗೂ ಒಂದೊಂದು ಚಿಂತೆ ಹತ್ತಿತ್ತು. ನಮ್ಮ ಮನೆಯವರಿಗೆ, ತಾವು ಹತ್ತನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ ನಿದ್ದೆ ಹೋದದ್ದು ಬಂದಿದೆಯೋ ಏನೋ ಎಂಬ ಚಿಂತೆ. ನನಗೆ, ಮದುವೆಯಾಗಿ ಬಂದ ಹೊಸತರಲ್ಲಿ ನಾನು ಮಾಡಿದ ಹೋಳಿಗೆಯನ್ನು ಅವರು ಚಾಕುವಿನಿಂದ ಕೊಯ್ದು ತಿಂದದ್ದು ಬಂದಿದೆಯೋ ಏನೋ ಎಂದು. ಎಲ್ಲರಿಗಿಂತ ಹೆಚ್ಚಿನ ಆತುರ ಮಾವನವರ ಅಕ್ಕನಿಗೆ. ಎಪ್ಪತ್ತೆಂಟು ವರ್ಷದ ಆಕೆ ನರಗುಂದದಲ್ಲಿ ಮಗನ ಮನೆಯಲ್ಲಿದ್ದಾರೆ. ಮರಿಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಮುಂದಿನ ಭಾನುವಾರವೇ ಇತ್ತು. ಊಟವಾದ ಮೇಲೆ ಎಲ್ಲರೆದುರು ಆತ್ಮಕಥೆಯ ಒಂದು ಅಧ್ಯಾಯ ಓದುವುದಾಗಿ ಮಾವನವರು ಒಪ್ಪಿಕೊಂಡಿದ್ದರು. ಆಕೆ ದಿನಕ್ಕೊಮ್ಮೆ ಫೋನ್ ಮಾಡಿ, ನನ್ನ ಬಗ್ಗೆ ಏನು ಬರೆದಿ ಎಂದು ಕೇಳುತ್ತಿದ್ದರು. ಮಾವನವರು ದಿನಕ್ಕೊಮ್ಮೆ, ಸಿಗ್ನಲ್ ಸರಿ ಇಲ್ಲ ಎನ್ನುತ್ತಿದ್ದರು.

ಅದಕ್ಕೂ ಹಿಂದಿನ ಭಾನುವಾರದ ಬೆಳಿಗ್ಗೆ ನಾನು ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕುಳಿತೆ. ಜಾಗವೆಲ್ಲ ತುಂಬಿದೆ, ಏನಾದರೂ ತೆಗೆಯಿರಿ ಎಂದು ಕಂಪ್ಯೂಟರ್ ಕೆಂಪು ಗೆರೆ ತೋರಿಸಿತು. ಪರದೆಯ ಮೂಲೆಯಲ್ಲಿ ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯ ಚಿತ್ರವಿರುತ್ತದಲ್ಲ, ಅದು ಕಾಗದದಿಂದ ತುಂಬಿ ತುಳುಕುತ್ತಿತ್ತು. ಬುಟ್ಟಿ ಖಾಲಿ ಮಾಡು ಎಂದು ಒತ್ತಿದೆ. ಖರೇ ಮಾಡಲೇ ಎಂದು ಅದು ಒಮ್ಮೆ ಕೇಳಿತು. ಶಾಲೆಯಲ್ಲಿ ಮಕ್ಕಳಿಗೆ ಎರಡೆರಡು ಸಲ ಓದಿ ಉತ್ತರ ಬರೆಯಿರಿ ಎಂದು ಹೇಳುವವಳು ನಾನು. ಒಂದು ಸಲವೂ ಓದದೆ ಹೌದು ಎಂದು ಒತ್ತಿದೆ. ಕಾಗದ ಮುದುಡಿದಂಥ ಸದ್ದು ಬಂತು. ಮನೆ ಗುಡಿಸಿದಷ್ಟು ಹಗುರವೆನಿಸಿತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾವನವರು ಒಳ್ಳೆಯ ಹುರುಪಿನಲ್ಲಿದ್ದರು. ಇಪ್ಪತ್ಮೂರು ಅಧ್ಯಾಯ ಮುಗಿದವು, ಇನ್ನೆರಡು ಬರೆದರೆ ಆಯಿತು ಎಂದರು. ಎಲ್ಲ ಜೋಪಾನವಾಗಿದೆಯೇ ಎಂದು ನಮ್ಮ ಮನೆಯವರು ಸುಮ್ಮನೆ ಕೇಳಿದರು. ಮಾವನವರು ರೊಟ್ಟಿ ಮುರಿಯುತ್ತ ಹೇಳಿದರು:

"ದಿನಾ ಬರದದ್ದನ್ನ ಬುಟ್ಟ್ಯಾಗ ಹಾಕಿಡ್ತೀನಿ. ಅಲ್ಲಿದ್ರ ಯಾರು ಒತ್ತಿದ್ರೂ ತೆರಿಯಾಂಗಿಲ್ಲ. ಕೀಲಿ ಹಾಕಿದಂಗ ಇರ್ತೈತಿ."

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅವರು ಹೇಳಿದ್ದು ಸುಳ್ಳಲ್ಲ. ಬುಟ್ಟಿಯಲ್ಲಿರುವ ಫೈಲನ್ನು ಅಲ್ಲಿಂದಲೇ ತೆರೆಯಲು ಬರುವುದಿಲ್ಲ. ಮೊದಲು ಹೊರಗೆ ತೆಗೆಯಬೇಕು. ಹೊರಗೆ ತೆಗೆಯುವುದನ್ನು ಅವರು ತಾವೇ ಹೇಗೋ ಕಂಡುಹಿಡಿದುಕೊಂಡಿದ್ದರು. ದಿನ ಬೆಳಿಗ್ಗೆ ತೆಗೆದು, ಬರೆದು, ಸಂಜೆ ಮತ್ತೆ ಎಳೆದು ಬುಟ್ಟಿಗೆ ಹಾಕುತ್ತಿದ್ದರು. ಇದರಲ್ಲಿ ಅವರ ತಪ್ಪೇನಿದೆ? ನಮ್ಮ ಮನೆಯಲ್ಲಿ ಬುಟ್ಟಿ ಎಂದರೆ ಕಸದ್ದಲ್ಲ. ನೂಲು ಸುತ್ತಿದ ಕಂಡಿಕೆಗಳನ್ನು, ಬಣ್ಣದ ರೇಷ್ಮೆ ಎಳೆಗಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿಡುತ್ತೇವೆ. ಕಸಕ್ಕೆ ಹಿತ್ತಲಲ್ಲಿ ಒಡಕು ಬಕೆಟ್ ಇದೆ. ಕಂಪ್ಯೂಟರ್ ಮಾಡಿದವರು ಬಕೆಟ್ಟಿನ ಚಿತ್ರ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಊಟವಾದ ಮೇಲೆ ಮಾವನವರು ಮಲಗಿದರು. ನಾನು ಕಂಪ್ಯೂಟರಿನ ವೈರ್ ಕಿತ್ತು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತುಬಿಟ್ಟೆ. ಏಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ವೈರ್ ನನ್ನ ಬಳಿ ಇದ್ದರೆ ಅಧ್ಯಾಯಗಳೂ ನನ್ನ ಬಳಿಯೇ ಇದ್ದಂತೆ ಎನಿಸಿತ್ತು. ಅವರು ಎದ್ದು ಬಂದಾಗ, ಕರೆಂಟ್ ಹೆಚ್ಚುಕಡಿಮೆಯಾಗಿ ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿದೆ. ಶಿಕ್ಷಕಿಯ ದನಿಯಲ್ಲಿ ಹೇಳಿದರೆ ಸುಳ್ಳನ್ನೂ ಜನ ನಂಬುತ್ತಾರೆ. ಅವರು ಹೌದೇನು ಎಂದು ಕಂಪ್ಯೂಟರಿನ ತಲೆ ಸವರಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು. ಜ್ವರ ಬಂದ ಕೂಸಿಗೆ ಮಾಡಿದ ಹಾಗೆ ಅವರು ಸವರಿದ್ದನ್ನು ನೋಡಿ ನನಗೆ ಅಳು ಬಂತು.

ಗಂಡನಿಗೆ ಮಾತ್ರ ನಿಜ ಹೇಳಿದೆ. ಅವರದು ಬೀಜ ಗೊಬ್ಬರದ ಅಂಗಡಿ. ಯಾವ ಬೆಳೆಗೆ ಯಾವ ರೋಗ ಬಂದರೂ ಗಾಬರಿಯಾಗದ ಮನುಷ್ಯ. ಇದಕ್ಕೂ ಆಗಲಿಲ್ಲ. ಅಳಿಸಿದ್ದನ್ನು ವಾಪಸು ತರುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಸಂಜೆಯೊಳಗೆ ಮುಗಿಸುತ್ತೇನೆ ಎಂದರು. ಮಾವನವರು ಸಂಜೆ ಗುಡಿಗೆ ಹೋದಾಗ ವೈರ್ ಮತ್ತೆ ಸಿಕ್ಕಿಸಿ ಕುಳಿತು ಒಂದರ ಮೇಲೊಂದು ಮೂರು ಸಾಫ್ಟ್‌ವೇರ್ ಇಳಿಸಿದರು. ಅವುಗಳನ್ನು ಬಳಸುವುದು ಹೇಗೆಂದು ತೋರಿಸುವ ವೀಡಿಯೋಗಳನ್ನೂ ಇಳಿಸಿಕೊಂಡರು. ನೆಟ್ ಹೋದರೆ ಮತ್ತೆ ನೋಡಲು ಬೇಕಾಗುತ್ತದೆಂಬ ಮುಂದಾಲೋಚನೆ. ಎಲ್ಲ ಇಳಿದ ಮೇಲೆ ಇಬ್ಬರೂ ಕುಳಿತು ಮೊದಲನೆಯ ವೀಡಿಯೋ ನೋಡಿದೆವು. ಅದರಲ್ಲಿ ಒಬ್ಬ ಮನುಷ್ಯ ಬಹಳ ಹೊತ್ತು ತನ್ನ ಬಗ್ಗೆ ಹೇಳಿಕೊಂಡು, ಕೊನೆಯ ನಿಮಿಷದಲ್ಲಿ, ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ ಫೈಲ್ ಅಳಿಸಿಹೋದ ಮೇಲೆ ಆ ಡಿಸ್ಕಿನ ಮೇಲೆ ಹೊಸದೇನನ್ನೂ ಇಳಿಸಬೇಡಿ, ಇಳಿಸಿದರೆ ಹಳೆಯದು ಶಾಶ್ವತವಾಗಿ ಹೋಗುತ್ತದೆ ಎಂದ.

ನಮ್ಮ ಮನೆಯವರು ವೀಡಿಯೋ ನಿಲ್ಲಿಸಿದರು. ಇದನ್ನು ಅವನು ಮೊದಲೇ ಹೇಳಬೇಕಿತ್ತು ಎಂದರು. ಆಮೇಲೆ ಮೆಲ್ಲಗೆ ಎದ್ದು ಅಂಗಡಿಯಲ್ಲಿ ಕೆಲಸವಿದೆ ಎಂದು ಹೋದರು. ಭಾನುವಾರ ಅಂಗಡಿ ಬಂದ್ ಇರುತ್ತದೆ.

ಇದೆಲ್ಲ ನಡೆಯುವಾಗ ಅತ್ತೆಯವರು ಎದುರಿಗೇ ಮಗ್ಗದಲ್ಲಿದ್ದರು. ಲಾಳಿ ಒಮ್ಮೆಯೂ ನಿಂತಿರಲಿಲ್ಲ. ನಮ್ಮ ಮನೆಯವರು ಹೋದ ಮೇಲೆ ತಲೆ ಎತ್ತದೆಯೇ, ಏನು ಹೋಯಿತು ಎಂದು ಕೇಳಿದರು. ಹೇಳಿದೆ. ಹೋದರೆ ಹೋಗಲಿ ಬಿಡು, ಅವರ ಬಾಳನ್ನು ಪಕ್ಕದಲ್ಲಿ ಕುಳಿತು ನೋಡಿದವಳು ನಾನು, ಅಷ್ಟು ಬರೆಯುವಂಥದ್ದೇನೂ ಆಗಿಲ್ಲ ಎಂದರು. ನನಗೆ ಸಮಾಧಾನವಾಗಲಿಲ್ಲ.

ಮಂಗಳವಾರ ಶಾಲೆಗೆ ರಜೆ ಹಾಕಿ ರೋಣಕ್ಕೆ ಹೊರಟೆ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬರು ಮೊದಲು ರೇಡಿಯೋ, ಆಮೇಲೆ ಟೀವಿ, ಈಗ ಕಂಪ್ಯೂಟರ್ ರಿಪೇರಿ ಮಾಡುತ್ತಾರೆಂದು ನಮ್ಮ ಹೆಡ್ ಮಾಸ್ತರರು ಹೇಳಿದ್ದರು. ಕಂಪ್ಯೂಟರಿನ ಡಬ್ಬಿಯನ್ನು ಮಾವನವರ ಕಣ್ಣಿಗೆ ಬೀಳದಂತೆ ಒಯ್ಯಬೇಕಿತ್ತು. ಅದಕ್ಕೆ ನಾಲ್ಕು ಹಳೆಯ ಸೀರೆ ಸುತ್ತಿ, ಮೇಲೆ ಬಿಳಿ ಬಟ್ಟೆ ಹೊದಿಸಿ ಗಂಟು ಕಟ್ಟಿದೆ. ನೇಕಾರರ ಓಣಿಯಲ್ಲಿ ಸೀರೆಯ ಗಂಟು ಹೊತ್ತು ಹೋಗುವವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಆದರೆ ಬಾಗಿಲಲ್ಲಿ ಮಾವನವರು ಎದುರಾದರು. ರೋಣದ ಗೆಳತಿಯೊಬ್ಬಳಿಗೆ ಸೀರೆ ತೋರಿಸಲು ಹೊರಟಿದ್ದೇನೆ ಎಂದೆ. ಮನೆಯಲ್ಲಿ ಗಂಡಸು ಇರುವಾಗ ನೀನೇಕೆ ಹೊರುತ್ತಿ ಎಂದು ಗಂಟನ್ನು ಕಿತ್ತುಕೊಂಡು ಹೆಗಲಿಗೇರಿಸಿದರು. ಮೊಣಕಾಲು ನೋವಿನ ಮನುಷ್ಯ. ತಮ್ಮ ಬಾಳಿನ ಇಪ್ಪತ್ಮೂರು ಅಧ್ಯಾಯ ತಾವೇ ಹೊತ್ತುಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಂದರು. ದಾರಿಯಲ್ಲಿ ಒಂದು ಕಡೆ ನಿಂತು ಹೆಗಲು ಬದಲಿಸಿ, ಈಗಿನ ಸೀರೆಗಳಿಗೆ ಬಹಳ ಮೂಲೆಗಳಿರುತ್ತವೆ ಎಂದರು. ನಾನು, ಹೌದ್ರಿ ಮಾವಾರ, ಗಂಜಿ ಹೆಚ್ಚು ಎಂದೆ. ಅವರು ತಲೆಯಾಡಿಸಿದರು. ಗಂಟನ್ನು ಬಸ್ಸಿನ ಸೀಟಿನ ಮೇಲೆ ನನ್ನ ಪಕ್ಕದಲ್ಲಿ ಮೆಲ್ಲಗೆ ಇಟ್ಟು, ಕಂಡಕ್ಟರಿಗೆ ಇದನ್ನು ಎತ್ತಿ ಒಗೆಯಬೇಡಪ್ಪ ಎಂದು ಹೇಳಿ ಇಳಿದರು.

ರಿಪೇರಿಯವರ ಅಂಗಡಿಯಲ್ಲಿ ಗಂಟು ಬಿಚ್ಚಿದೆ. ನಾಲ್ಕನೆಯ ಸೀರೆ ಬಿಚ್ಚುವಷ್ಟರಲ್ಲಿ ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ಹತ್ತಿರ ಬಂದು ನಿಂತಿದ್ದರು. ಒಬ್ಬರು ಬೆಳವಣಕಿಯ ರೈತರು, ಮೊಬೈಲ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದರು. ಇನ್ನೊಬ್ಬರು ನರೇಗಲ್ಲಿನ ಹೊಲಿಗೆಯಾಕೆ, ಮಿಕ್ಸಿ ತಂದಿದ್ದರು. ರಿಪೇರಿಯವರು ಅರವತ್ತರ ಆಸುಪಾಸಿನ, ಕಣ್ಣಿಗೆ ದಪ್ಪ ಕನ್ನಡಕದ, ಬಹಳ ಗಂಭೀರ ಮನುಷ್ಯ. ಏನು ಹೋಗಿದೆ ಎಂದು ಅವರು ಕೇಳಲಿಲ್ಲ. ಹೋದ ಮೇಲೆ ನೀವು ಏನೇನು ಮಾಡಿದಿರಿ ಎಂದು ಕೇಳಿದರು. ಮೂರು ಸಾಫ್ಟ್‌ವೇರ್, ಎರಡು ತಾಸಿನ ವೀಡಿಯೋ ಎಂದೆ. ಅವರು ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು.

"ಅಕ್ಕಾರ, ಅಳಿಸಿದ್ದು ಅಳಿಸಿದ ಕೂಡಲೆ ಹೋಗೂದಿಲ್ರಿ. ಬಾಗಲದ ಮ್ಯಾಲಿನ ಹೆಸರಿನ ಫಲಕ ಅಷ್ಟ ಹೋಗತೈತಿ. ಮನಿ ಹಂಗ ಇರತೈತಿ, ಮಂದಿನೂ ಒಳಗ ಇರ್ತಾರ. ನೀವು ಸುಮ್ನ ಬಂದ್ ಮಾಡಿ ಕುಂತಿದ್ರ ಎಲ್ಲಾರನ್ನೂ ಕರದು ಹೊರಗ ತರಬೌದಿತ್ತು. ನೀವು ಅದ ಜಾಗಾದಾಗ ಬ್ಯಾರೆ ಮನಿ ಕಟ್ಟಿಸೀರಿ."

ಕಟ್ಟಿಸಿದವರು ನಮ್ಮ ಮನೆಯವರು ಎಂದೆ. ಯಾರಾದರೇನು ಎಂದರು. ಆದರೂ ಡಬ್ಬಿ ಬಿಚ್ಚಿ, ಒಳಗಿನ ಡಿಸ್ಕ್ ತೆಗೆದು ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಸಿಕ್ಕಿದ್ದನ್ನೆಲ್ಲ ಈ ಡಿಸ್ಕಿನ ಮೇಲೆ ಇಡುವುದಿಲ್ಲ, ಬೇರೆಯದರ ಮೇಲೆ ಇಡುತ್ತೇನೆ, ಇದರ ಮೇಲೆ ಇನ್ನು ಒಂದು ಚುಕ್ಕೆಯನ್ನೂ ಬರೆಯುವುದಿಲ್ಲ ಎಂದು ನಮಗೆಲ್ಲ ವಿವರಿಸಿದರು. ಹೊಲಿಗೆಯಾಕೆ ಬಹಳ ಗಮನವಿಟ್ಟು ಕೇಳಿ, ಮಿಕ್ಸಿಗೂ ಹೀಗೆಯೇ ಏನ್ರಿ ಎಂದರು.

ಹುಡುಕುವುದು ಮೂರು ತಾಸು ನಡೆಯಿತು. ಪರದೆಯ ಮೇಲೆ ಒಂದು ಹಸಿರು ಗೆರೆ ಇರುವೆಯ ಹಾಗೆ ಸರಿಯುತ್ತಿತ್ತು. ಕೊನೆಗೆ ಫೈಲುಗಳು ಸಿಗತೊಡಗಿದವು. ಆದರೆ ಒಂದಕ್ಕೂ ಹೆಸರಿರಲಿಲ್ಲ, ಬರೀ ಅಂಕಿ. ಒಂದೊಂದನ್ನೇ ತೆರೆದು ನೋಡಬೇಕಾಯಿತು. ಆ ಕಂಪ್ಯೂಟರಿನಲ್ಲಿ ನಾವು ಎಂದೆಂದೋ ಅಳಿಸಿದ್ದೆಲ್ಲ ಎದ್ದು ಬರುತ್ತಿತ್ತು. ನಮ್ಮ ಮನೆಯವರು ಮಾಡಿಕೊಂಡ ವ್ಯಾಯಾಮದ ವೇಳಾಪಟ್ಟಿ ಒಂಬತ್ತು ಸಿಕ್ಕವು, ಒಂಬತ್ತರಲ್ಲೂ ನಾಳೆಯಿಂದ ಶುರು ಎಂದಿತ್ತು. ಅತ್ತೆಯವರು ಮೊಬೈಲಿನಲ್ಲಿ ತೆಗೆದ ತಮ್ಮದೇ ಹೆಬ್ಬೆರಳಿನ ಫೋಟೋ ಅರವತ್ತು ಸಿಕ್ಕವು. ಆಮೇಲೆ ಒಂದು ಪತ್ರ ತೆರೆಯಿತು. ರಿಪೇರಿಯವರು ಅದನ್ನು ಓದಿ, ಮುಖ ಸಣ್ಣದು ಮಾಡಿ, ನಿಮ್ಮ ಅತ್ತೆಯವರು ಈಗ ಹೇಗಿದ್ದಾರ್ರಿ ಎಂದು ಕೇಳಿದರು. ಎಂಟು ವರ್ಷದ ಹಿಂದೆ ಗದಗಿಗೆ ವರ್ಗ ಮಾಡಿಸಿಕೊಳ್ಳಲು ನಾನು ಬರೆದು, ನಾಚಿಕೆಯಾಗಿ ಅಳಿಸಿದ ಅರ್ಜಿ ಅದು. ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ, ಕೈಕಾಲು ಬಿದ್ದಿವೆ ಎಂದು ಅದರಲ್ಲಿ ಬರೆದಿದ್ದೆ. ಈಗ ಆರಾಮ ಇದ್ದಾರೆ, ಮಗ್ಗ ನೇಯುತ್ತಾರೆ ಎಂದೆ. ಬೆಳವಣಕಿಯವರು ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ವಿಚಾರಿಸಿದರು. ಅವರ ಅಣ್ಣನಿಗೂ ಹಾಗೆಯೇ ಆಗಿತ್ತಂತೆ.

ಮಧ್ಯಾಹ್ನದ ಹೊತ್ತಿಗೆ ಮಾವನವರ ಮೊದಲ ಅಧ್ಯಾಯ ಸಿಕ್ಕಿತು. ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷಿನ ಚಿಕ್ಕಪುಟ್ಟ ಅಕ್ಷರ, ಚುಕ್ಕೆ, ಗೆರೆ ಎಲ್ಲ ಕಲಸಿ ಚೆಲ್ಲಿದ ಹಾಗಿತ್ತು. ಇದೂ ಹೋಯಿತೆಂದು ನಾನು ಸೀರೆ ಮಡಿಚತೊಡಗಿದೆ. ರಿಪೇರಿಯವರು ಮಾತ್ರ ಮೊದಲ ಸಲ ನಕ್ಕರು. ಇದು ಹಳೆಯ ಕನ್ನಡ ಫಾಂಟ್, ಆ ಫಾಂಟ್ ನನ್ನ ಕಂಪ್ಯೂಟರಿನಲ್ಲಿಲ್ಲ ಅಷ್ಟೆ ಎಂದು ಅದನ್ನು ಹುಡುಕಿ ಹಾಕಿದರು. ಕಣ್ಣೆದುರೇ ಆ ಕಸವೆಲ್ಲ ಕನ್ನಡವಾಗಿ ಎದ್ದು ಕುಳಿತಿತು.

ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲೆಂದು ಅವರು ಜೋರಾಗಿ ಓದತೊಡಗಿದರು. ಒಂದು ಸಾಲು ಓದಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮನೆಯಲ್ಲಿ ಯಾರಿಗೂ ಓದಲು ಸಿಗದ ಆತ್ಮಕಥೆಯನ್ನು ಹೀಗೆ ಮೊದಲು ಕೇಳಿದವರು ಬೆಳವಣಕಿಯ ರೈತರು ಮತ್ತು ನರೇಗಲ್ಲಿನ ಹೊಲಿಗೆಯಾಕೆ. ಮೊಬೈಲೂ ಮಿಕ್ಸಿಯೂ ರಿಪೇರಿಯಾಗಿ ಬಹಳ ಹೊತ್ತಾಗಿದ್ದರೂ ಇಬ್ಬರೂ ಏಳಲಿಲ್ಲ.

ಸಂಜೆಯವರೆಗೆ ಲೆಕ್ಕ ಹಿಡಿದರೆ ಹನ್ನೊಂದು ಅಧ್ಯಾಯ ಪೂರ್ತಿ ಸಿಕ್ಕಿದ್ದವು, ಐದು ಅರ್ಧಮರ್ಧ. ಉಳಿದವುಗಳ ಜಾಗದಲ್ಲಿ ನಮ್ಮ ಮನೆಯವರ ವೀಡಿಯೋಗಳು ಕುಳಿತಿದ್ದವು. ನರಗುಂದದಲ್ಲಿ ಓದಬೇಕಿದ್ದ ಅಧ್ಯಾಯವನ್ನು ಮಾತ್ರ ನಾನು ಮತ್ತೆ ಮತ್ತೆ ಹುಡುಕಿಸಿದೆ. ಅದರ ಹೆಸರು 'ನನ್ನ ಮೊದಲ ಸೀರೆ' ಎಂದು ಮಾವನವರು ಫೋನಿನಲ್ಲಿ ಅಕ್ಕನಿಗೆ ಹೇಳಿದ್ದನ್ನು ಕೇಳಿದ್ದೆ. ಅದು ಎರಡು ಕಡೆ ಸಿಕ್ಕಿತು. ಒಂದು ಹೊಸದು. ಅದರಲ್ಲಿ ನಾನು ಏಕಾಂಗಿಯಾಗಿ, ಅನ್ನ ನೀರು ಬಿಟ್ಟು, ಕೈಬೆರಳು ರಕ್ತವಾದರೂ ಲಕ್ಷಿಸದೆ ಎನ್ನುವವರೆಗೆ ಬಂದು ಮುಂದೆ ಬರೀ ಚೌಕದ ಗುರುತುಗಳಿದ್ದವು. ಇನ್ನೊಂದು ಹಳೆಯದು, ಮೊದಲ ಸಲ ಬರೆದು ಆಮೇಲೆ ಬೇಡವೆಂದು ತೆಗೆದದ್ದು. ಅದು ಒಂದು ಅಕ್ಷರವೂ ಮುಕ್ಕಾಗದೆ ಪೂರ್ತಿ ಇತ್ತು. ರಿಪೇರಿಯವರು ಅದನ್ನೂ ಓದಿದರು.

ಕಥೆ ಹೀಗಿತ್ತು. ಮಾವನವರಿಗೆ ಹತ್ತೊಂಬತ್ತು ವರ್ಷವಾದಾಗ ಒಂದು ಹೆಣ್ಣು ಗೊತ್ತು ಮಾಡಿದರು. ಆಕೆಯೇ ನಮ್ಮ ಅತ್ತೆ. ಹುಡುಗ ಯಾರ ಸಹಾಯವಿಲ್ಲದೆ ಒಂದು ಸೀರೆ ನೇಯ್ದು ತೋರಿಸಬೇಕು, ಅದನ್ನೇ ನಿಶ್ಚಯಕ್ಕೆ ಉಡಿಸುತ್ತೇವೆ ಎಂದು ಹೆಣ್ಣಿನವರು ಹೇಳಿದರು. ಮಾವನವರು ಸೀರೆ ಶುರು ಮಾಡಿದರು. ಅಷ್ಟರಲ್ಲಿ ಹುಡುಗನ ಫೋಟೋ ಬೇಕೆಂದು ಹೇಳಿ ಕಳಿಸಿದರು. ಫೋಟೋ ತೆಗೆಸಲು ರೋಣಕ್ಕೆ ಹೋದರೆ ಫೋಟೋದಲ್ಲಿ ಕಣ್ಣು ಮುಚ್ಚಿತ್ತು. ಎರಡನೆಯ ಸಲ ಹೋದರೆ ಮತ್ತೆ ಮುಚ್ಚಿತು. ಮೂರನೆಯ ಸಲ ಫೋಟೋದವನೇ ತನ್ನ ಕಪ್ಪು ಕನ್ನಡಕ ಕೊಟ್ಟು ಹಾಕಿಕೊಳ್ಳಲು ಹೇಳಿದ. ಹೀಗೆ ದಿನಗಳು ಹೋಗಿ, ಸೀರೆ ಅರ್ಧಕ್ಕೆ ನಿಂತು, ನಿಶ್ಚಯ ಎದುರಿಗೆ ಬಂತು. ತವರಿಗೆ ಬಂದಿದ್ದ ಅಕ್ಕ ಕುಣಿಗೆ ಇಳಿದು ಉಳಿದರ್ಧ ನೇಯ್ದು ಮುಗಿಸಿದಳು. ಯಾರಿಗೂ ಹೇಳಬೇಡ ಎಂದು ಮಾವನವರು ಆಕೆಯಿಂದ ಆಣೆ ಮಾಡಿಸಿಕೊಂಡರು.

ಓದಿ ಮುಗಿಸಿದ ರಿಪೇರಿಯವರು, ಇದೇ ಚಲೋ ಐತ್ರಿ, ಆ ಇನ್ನೊಂದರಲ್ಲಿ ಬರೀ ರಕ್ತ ಎಂದರು. ಹೊಲಿಗೆಯಾಕೆಗೂ ಇದೇ ಸೇರಿತ್ತು. ಬೆಳವಣಕಿಯವರು ಮಾತ್ರ ಗಂಡಸಿನ ಮರ್ಯಾದೆಯ ಪ್ರಶ್ನೆ ಎಂದು ತಕರಾರು ತೆಗೆದರು. ನಾನು ಆ ಹಳೆಯದನ್ನೇ ಕಾಗದದ ಮೇಲೆ ಪ್ರಿಂಟ್ ಹಾಕಿಸಿಕೊಂಡೆ. ಸಿಕ್ಕಿದ್ದೆಲ್ಲವನ್ನೂ ಒಂದು ಪೆನ್ ಡ್ರೈವಿಗೆ ಹಾಕಿಕೊಂಡು, ಡಬ್ಬಿಗೆ ಮತ್ತೆ ಸೀರೆ ಸುತ್ತಿ ಬಸ್ ಹತ್ತಿದೆ.

ಮನೆಗೆ ಬಂದು ಮಾವನವರ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಸುಮ್ಮನೆ ಕೇಳಿ, ಗಂಟಿನ ಕಡೆ ಕೈ ತೋರಿಸಿದರು.

"ಐವತ್ತು ವರ್ಷ ಸೀರಿ ಗಂಟು ಹೊತ್ತೀನಿ ಯವ್ವಾ. ಸೀರಿ ಹೆಗಲ ಮ್ಯಾಲೆ ಹ್ಯಾಂಗ ಕುಂದರತಾವು ನನಗ ಗೊತ್ತಿಲ್ಲೇನು? ಬಾಗಲದಾಗ ಎತ್ತಿದಾಗನ ತಿಳೀತು."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು ಅತ್ತೆಯವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಅಕ್ಕನ ಎದುರು ಆ ಅಧ್ಯಾಯ ಓದಲು ತಮಗೆ ಎಷ್ಟು ದಿನದಿಂದಲೋ ಹೆದರಿಕೆಯಾಗಿತ್ತಂತೆ. ಓದುತ್ತೇನೆಂದು ಮಾತು ಕೊಟ್ಟಾಗಿತ್ತು, ಬಿಡುವ ಹಾಗಿರಲಿಲ್ಲ. ಎಲ್ಲ ಅಳಿಸಿಹೋಗಿದೆ ಎಂದು ಭಾನುವಾರ ಊಟಕ್ಕೆ ಕುಳಿತಾಗ ನನ್ನ ಮುಖ ನೋಡಿಯೇ ಗೊತ್ತಾದಾಗ, ದೇವರೇ ಸೊಸೆಯ ಕೈಯಿಂದ ಗುಂಡಿ ಒತ್ತಿಸಿದ ಎಂದು ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಿದ್ದರಂತೆ. ನಮ್ಮ ಮನೆಯವರು ವೀಡಿಯೋ ಇಳಿಸುತ್ತಿದ್ದದ್ದು ಅದೇ ಹೊತ್ತಿಗೆ. ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಮೂರು ದಿನ ನನಗೆ ಊಟ ಸೇರಿರಲಿಲ್ಲ.

ಪ್ರಿಂಟ್ ಕೊಟ್ಟೆ. ಓದುತ್ತ ಓದುತ್ತ ಅವರ ಮುಖ ಇಳಿಯಿತು. ಇದನ್ನು ಅಳಿಸಿದ್ದೆನಲ್ಲ ಎಂದರು. ಅಳಿಸಿದ್ದೇ ಸಿಗುವುದು ಮಾವಾರ ಎಂದೆ. ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟು, ಇದು ನರಗುಂದಕ್ಕೆ ಬರಕೂಡದು, ಅಲ್ಲಿ ಎಲ್ಲ ಹೋಯಿತು ಎಂದಷ್ಟೇ ಹೇಳೋಣ ಎಂದರು. ನಾನು ಒಪ್ಪಿದೆ. ಒಪ್ಪದೆ ಇರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಭಾನುವಾರ ನಾಲ್ವರೂ ರೋಣದಲ್ಲಿ ಬಸ್ ಬದಲಿಸಿ ನರಗುಂದಕ್ಕೆ ಹೋದೆವು. ತೊಟ್ಟಿಲಿನ ಶಾಸ್ತ್ರವಾಯಿತು, ಊಟವಾಯಿತು. ಅಕ್ಕ ಗೋಡೆಗೆ ಒರಗಿ, ಕಾಲು ಚಾಚಿ, ಕಿವಿಯ ಯಂತ್ರ ಸರಿಮಾಡಿಕೊಂಡು ಕುಳಿತರು. ಎಲ್ಲರೂ ಸುತ್ತ ಕುಳಿತ ಮೇಲೆ ಮಾವನವರು ಎದ್ದು ನಿಂತು, ಕಂಪ್ಯೂಟರಿನಲ್ಲಿ ದೊಡ್ಡ ಅನಾಹುತವಾಗಿದೆ ಎಂದು ಶುರು ಮಾಡಿದರು. ಸೊಸೆಯ ತಪ್ಪಲ್ಲ, ಯಾರ ತಪ್ಪೂ ಅಲ್ಲ, ಒಂದು ಅಕ್ಷರವೂ ಉಳಿದಿಲ್ಲ ಎಂದು ಬಹಳ ದುಃಖದಿಂದ ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಅಲ್ಲೋ ತಮ್ಮಾ, ಕಂಪ್ಯೂಟರಿನ್ಯಾಗಿಂದು ಹೋತು ಖರೇ. ತಲಿಯಾಗಿಂದೂ ಹೋತೇನು? ಬಾಯಿಲೆ ಹೇಳು."

ಮಾವನವರು ಒಂದು ತಂಬಿಗೆ ನೀರು ಕೇಳಿದರು. ಆಗ ನಮ್ಮ ಅತ್ತೆ ತಮ್ಮ ಕೈಚೀಲ ಬಿಚ್ಚಿ, ನಾಲ್ಕು ಮಡಿಕೆಯ ಹಾಳೆಗಳನ್ನು ತೆಗೆದು ಮಾವನವರ ಕೈಗೆ ಕೊಟ್ಟರು. ಹಾಸಿಗೆ ಸುತ್ತುವಾಗ ಸಿಕ್ಕವು ಎಂದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ಮಾವನವರು ನನ್ನ ಕಡೆ ನೋಡಿದರು. ನಾನು ತೊಟ್ಟಿಲಿನ ಕಡೆ ನೋಡಿದೆ.

ಬೇರೆ ದಾರಿಯಿಲ್ಲದೆ ಓದಿದರು. ಫೋಟೋದ ಭಾಗಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದರಿಂದ ಅವರಿಗೂ ಸ್ವಲ್ಪ ಧೈರ್ಯ ಬಂತು. ಅಕ್ಕ ಕುಣಿಗೆ ಇಳಿದ ಜಾಗಕ್ಕೆ ಬಂದಾಗ ಹಾಳೆ ತಿರುವುವ ನೆಪದಲ್ಲಿ ಎರಡು ಪುಟ ಒಟ್ಟಿಗೆ ಮಗುಚಿದರು. ಅತ್ತೆಯವರು ಕೈ ಚಾಚಿ ಒಂದು ಪುಟವನ್ನು ಮತ್ತೆ ಹಿಂದಕ್ಕೆ ಮಗುಚಿದರು. ಮಾವನವರು ಆ ಪುಟವನ್ನೂ ಓದಿದರು. ಅರ್ಧ ಸೀರೆ ಅಕ್ಕನದು ಎನ್ನುವುದನ್ನು ಹಾಳೆಯಿಂದ ಕಣ್ಣೆತ್ತದೆ ಓದಿದರು. ಮುಗಿಸಿ, ಹೆಂಡತಿಯ ಕಡೆ ತಿರುಗಿ, ಇದನ್ನು ನಿನಗೆ ಹೇಳಬೇಕೆಂದಿದ್ದೆ, ಹೇಳಲಿಕ್ಕೆ ಆಗಿರಲಿಲ್ಲ ಎಂದರು.

"ಉಟ್ಟ ದಿನಾನ ಗೊತ್ತಾಗಿತ್ತು," ಎಂದರು ಅತ್ತೆ. "ನಿಮ್ಮ ಕೈ ಸಡ್ಲ, ಅವರ ಕೈ ಬಿಗಿ. ನಡುವಿನಿಂದ ಸೀರಿನ ಬ್ಯಾರೆ ಇತ್ತು. ನಾನೂ ನೇಕಾರರ ಮಗಳು."

ಮತ್ತೆ ನನ್ನನ್ನು ಏಕೆ ಮಾಡಿಕೊಂಡಿ ಎಂದು ಮಾವನವರು ಕೇಳಿಬಿಟ್ಟರು, ಅಷ್ಟು ಜನರ ಎದುರು. ಕಪ್ಪು ಕನ್ನಡಕದ ಫೋಟೋ ಬಂದಿತ್ತಲ್ಲ ಎಂದು ಅತ್ತೆ ಹೇಳಿ ಹಾಳೆಗಳನ್ನು ಮಡಿಚಿದರು. ಮನೆಯೆಲ್ಲ ನಕ್ಕಿತು. ಮಾವನವರು ನಾಚಿ ಕೆಂಪಾದದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಅಕ್ಕ ಮಾತ್ರ ನಗಲಿಲ್ಲ. ಅವರ ಕಣ್ಣು ಒದ್ದೆಯಾಗಿದ್ದವು. ಸೆರಗಿನಿಂದ ಒರೆಸಿಕೊಂಡು, ಇಷ್ಟು ವರ್ಷವಾದ ಮೇಲಾದರೂ ಬರೆದೆಯಲ್ಲ ಎಂದು ತಮ್ಮನ ಕೈ ಹಿಡಿದುಕೊಂಡರು. ಆಮೇಲೆ ಆಕೆ ಕೈ ಬಿಡದೆಯೇ, ಆದರೆ ಅರ್ಧ ಎಂದು ತಪ್ಪು ಬರೆದಿದ್ದಿ ಎಂದರು. ಅರ್ಧವಲ್ಲವಂತೆ, ಮುಕ್ಕಾಲು. ಸೆರಗೂ ತಮ್ಮದೇ. ಅಂಚಿನಲ್ಲಿ ಮಾವನವರು ನೇಯ್ದ ಒಂದು ಗೇಣನ್ನು ಬಿಚ್ಚಿ ಮತ್ತೆ ನೇಯಬೇಕಾಗಿತ್ತಂತೆ. ಮಾವನವರು ಮುಕ್ಕಾಲು ಸಾಧ್ಯವೇ ಇಲ್ಲ, ಫೋಟೋಕ್ಕೆ ಹೋಗುವ ಮೊದಲೇ ಅರ್ಧ ದಾಟಿತ್ತು ಎಂದು ವಾದಕ್ಕೆ ನಿಂತರು. ಸೀರೆ ಇನ್ನೂ ಅತ್ತೆಯವರ ಪೆಟ್ಟಿಗೆಯಲ್ಲಿದೆ, ಅಳೆದು ನೋಡಬಹುದು ಎಂದು ನಮ್ಮ ಮನೆಯವರು ಸೂಚಿಸಿದರು. ಆ ವಾರ ಅವರು ಕೊಟ್ಟ ಒಂದೇ ಒಳ್ಳೆಯ ಸಲಹೆ ಅದು.

ಅಳೆದೆವು. ಮರುದಿನ ಅತ್ತೆಯವರು ಸೀರೆಯನ್ನು ಪಡಸಾಲೆಯ ಉದ್ದಕ್ಕೂ ಹಾಸಿ, ಬೆರಳಾಡಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿ ಇಲ್ಲಿಂದ ಎಂದರು. ಅರ್ಧವೂ ಅಲ್ಲ, ಮುಕ್ಕಾಲೂ ಅಲ್ಲ, ಎರಡರ ನಡುವೆ ಇತ್ತು. ಫೋನಿನಲ್ಲಿ ತಿಳಿಸಿದೆವು. ಅಕ್ಕ ಒಪ್ಪಲಿಲ್ಲ. ಹಳೆಯ ಬಟ್ಟೆ ಜಗ್ಗಿರುತ್ತದೆ, ಸಡಿಲ ನೇಯ್ಗೆಯ ಭಾಗ ಹೆಚ್ಚು ಜಗ್ಗಿರುತ್ತದೆ ಎಂದರು. ನೇಕಾರರೊಡನೆ ವಾದಿಸುವುದು ಕಷ್ಟ.

ಈಗ ಮಾವನವರು ಕಳೆದುಹೋದ ಅಧ್ಯಾಯಗಳನ್ನು ಮತ್ತೆ ಬರೆಯುತ್ತಿದ್ದಾರೆ. ಸಂಜೆಗೊಮ್ಮೆ ನಾನು ಅವನ್ನು ಪೆನ್ ಡ್ರೈವಿಗೆ ಹಾಕುತ್ತೇನೆ. ನಮ್ಮ ಮನೆಯವರನ್ನು ಕಂಪ್ಯೂಟರಿನ ಹತ್ತಿರ ಬಿಡುವುದಿಲ್ಲ. ದಿನ ಮಧ್ಯಾಹ್ನ ಊಟವಾದ ಮೇಲೆ ನರಗುಂದದಿಂದ ಫೋನ್ ಬರುತ್ತದೆ. ಮಾವನವರು ಅದನ್ನು ಲೌಡ್‌ಸ್ಪೀಕರಿಗೆ ಹಾಕಿ, ಕೀಲಿಮಣೆಯ ಪಕ್ಕದಲ್ಲಿಟ್ಟು, ಅಕ್ಕ ಹೇಳಿದ್ದನ್ನು ಟೈಪ್ ಮಾಡುತ್ತಾರೆ. ಹೋದದ್ದು ಏಳು ಅಧ್ಯಾಯ. ಅಕ್ಕ ಹೇಳತೊಡಗಿದ ಮೇಲೆ ಆಗಲೇ ಹದಿನಾಲ್ಕಾಗಿವೆ. ಕಥೆಯಲ್ಲಿ ಇನ್ನೂ ಆಕೆಗೆ ಒಂಬತ್ತು ವರ್ಷ, ಮಾವನವರಿಗೆ ಐದು. ನಿನ್ನೆ ಅವರು ಒಂದು ವಾಕ್ಯ ತಮ್ಮದೇ ಸೇರಿಸಲು ನೋಡಿದರು. ಬೆರಳಿನ ಸದ್ದು ಹೆಚ್ಚಾಯಿತೆಂದು ಫೋನಿನಲ್ಲೇ ಗುರುತಿಸಿದ ಅಕ್ಕ ಅದನ್ನು ಓದಿಸಿಕೊಂಡು, ತೆಗೆಸಿದರು.